ಕಾಂತೇಶನ ಗಿರಣಿಯ ಯೂನಿಟ್ಟು

ಊರಿನ ಗುಟ್ಟು ತಿಳಿಯಲು ರೇಣುಕಪ್ಪನಿಗೆ ಯಾರ ಚಾಡಿಯೂ ಬೇಕಿರಲಿಲ್ಲ. ನರಸಿಂಹರಾಜಪುರದ ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಕರೆಂಟಿನ ಮೀಟರ್ ಓದಿ ಬರೆದವನು ಆತ. ಬೇಕರಿಯ ಯೂನಿಟ್ ಏರಿದರೆ ವ್ಯಾಪಾರ ಕುದುರಿದೆ, ವೆಲ್ಡಿಂಗ್ ಶಾಪಿನದು ಇಳಿದರೆ ನೊಣ ಹೊಡೆಯುತ್ತಿದ್ದಾರೆ ಎಂದು ಥಟ್ಟನೆ ಹೇಳುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಸರಿಯೇ ಇರುತ್ತಿತ್ತು. ಆ ಹತ್ತನೆಯದು ಮಗಳ ಮದುವೆಯ ವಿಷಯದಲ್ಲೇ ಬರಬೇಕೆ!

2005ರ ಆಗಸ್ಟ್. ಬಾಳೆಹೊನ್ನೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಕಾಂತೇಶ ಬಂದು ಗಾನವಿಯನ್ನು ನೋಡಿಹೋಗಿದ್ದ. ಇಬ್ಬರೂ ಒಪ್ಪಿದ್ದರು. ರೇಣುಕಪ್ಪ ಮಾತ್ರ ಹುಡುಗನ ಮನೆ ನೋಡುವ ಮೊದಲು ತಾಲೂಕಿನ ಕರೆಂಟ್ ಆಫೀಸಿನಲ್ಲಿ ಗಿರಣಿಯ ಲೆಡ್ಜರ್ ನೋಡಿದ. ಜನವರಿಯಲ್ಲಿ ಆರುನೂರು ಯೂನಿಟ್, ಜುಲೈಯಲ್ಲಿ ನಲವತ್ತು!

"ಗಿರಣಿ ಮುಳುಗಿದೆ ಮಾರಾಯ್ತಿ. ನಲವತ್ತು ಯೂನಿಟ್ಟಲ್ಲಿ ಎಂತ ಬೀಸ್ತಾನೆ ಅವ?" ಎಂದು ಹೆಂಡತಿ ಗಂಗಾಂಬಿಕೆಗೆ ಹೇಳಿದ.

"ಅವರನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಅಪ್ಪಾ," ಎಂದಳು ಗಾನವಿ.

"ಮೀಟರ್ ಸುಳ್ಳು ಹೇಳಲ್ಲ ಮಗಾ."

ಅವಳು ಎದ್ದು ಒಳಗೆ ಹೋದಳು.

ಸಂಬಂಧ ಬೇಡವೆನ್ನಲು ಒಂದು ಮರ್ಯಾದೆಯ ದಾರಿ ಉಂಟು: ಜಾತಕ ಕೂಡಿಬರಲಿಲ್ಲ ಎಂದು ವಾಪಸು ಕೊಡುವುದು. ಭಾನುವಾರ ರೇಣುಕಪ್ಪ ಹುಡುಗನ ಜಾತಕ ಜೇಬಿಗಿಟ್ಟುಕೊಂಡು ಬಸ್ ಹತ್ತಿದ. ಬಾಳೆಹೊನ್ನೂರಿನಲ್ಲಿ ಇಳಿದರೆ ಪೇಟೆಗೆ ಪೇಟೆಯೇ ಕರೆಂಟಿಲ್ಲ. ಲೈನಿನ ಮೇಲೆ ಮರ ಬಿದ್ದು ಮೂರು ದಿನವಾಗಿತ್ತಂತೆ. ಕಾಂತೇಶನ ಗಿರಣಿಯೊಂದೇ ಡಬಡಬನೆ ಓಡುತ್ತಿತ್ತು. ಅಕ್ಕಿ, ರಾಗಿ, ಮೆಣಸಿನಕಾಯಿ ಹಿಡಿದ ಜನ ರಸ್ತೆಯವರೆಗೂ ನಿಂತಿದ್ದರು. ಹುಡುಗನ ಹುಬ್ಬಿನ ಮೇಲೂ ಹಿಟ್ಟು.

"ಏನಪ್ಪಾ ಇದು?"

"ಡೀಸೆಲ್ ಇಂಜಿನ್ನು. ಜನ ಜಾಸ್ತಿಯಾದ್ರು, ಮಳೆಗಾಲದ ಕರೆಂಟು ನಂಬ್ಕೊಂಡು ಕಾಯ್ಸೋಕಾಗತ್ತಾ? ಮೇ ತಿಂಗಳಲ್ಲೇ ಹಾಕ್ಸಿದೆ."

ರೇಣುಕಪ್ಪನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕರೆಂಟು ಎಷ್ಟು ಉರಿಯಿತೆಂದು ಬರೆದದ್ದೇ ಬಂತು. ಅದು ಇತ್ತೋ ಇಲ್ಲವೋ ಎಂದು ಒಂದು ದಿನವಾದರೂ ಬರೆದವನಲ್ಲ.

"ನೀವು ಬಂದದ್ದು?" ಕಾಂತೇಶನ ದನಿಯಲ್ಲಿ ಅಳುಕಿತ್ತು.

"ಮನೆ ನೋಡ್ಲಿಕ್ಕೆ. ಅಮ್ಮ ಇದ್ದಾರಾ?"

ಸಂಜೆ ಮನೆಗೆ ಬಂದಾಗ ಗಾನವಿ ಮುಖ ನೋಡದೆ ನೀರು ತಂದಿಟ್ಟಳು.

"ತಪ್ಪು ನಂದು ಮಗಾ. ನಿಶ್ಚಿತಾರ್ಥಕ್ಕೆ ದಿನ ಕೇಳ್ಕೊಂಡು ಬಂದೆ."

ಅವಳು ಅಲ್ಲೇ ಕೂತು ಅತ್ತಳು, ಅಳುತ್ತಲೇ ನಕ್ಕಳು. ಮಗಳ ತಲೆ ಸವರುವಾಗ ರೇಣುಕಪ್ಪನಿಗೂ ಕಣ್ಣು ತುಂಬಿತು. ಎಂಥ ಹುಡುಗನನ್ನು ಕಳೆದುಕೊಳ್ಳುತ್ತಿದ್ದೆ ಎಂದುಕೊಂಡ.

"ಯಾಕೆ ಹೋಗಿದ್ದು ಅಂತ ಅವರಿಗೆ ಹೇಳಿದ್ರಾ?"

"ಹೇಳ್ಬಿಟ್ಟೆ. ಹೇಳದಿದ್ರೆ ಆ ಮನೆ ಕಾಫಿ ಗಂಟಲಲ್ಲಿ ಇಳೀತಿರ್ಲಿಲ್ಲ."