ಹಿಮ್ಮಡಿಯ ಗೆರೆ

ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಅವ್ವ ಬಿಲ್ಡಿಂಗ್ ಕೆಲಸಕ್ಕೆ ಹೊರಟ ಮೇಲೆ ಮನೆ, ತಮ್ಮ ಎರಡೂ ನನ್ನ ಪಾಲಿಗೆ ಬಂದವು. ನಾನು ಬಿಟ್ಟ ಕನ್ನಡ ಶಾಲೆಗೇ ಎಪ್ಪತ್ತರ ದಶಕದ ಮೊದಲಲ್ಲಿ ಅವನು ಸೇರಿದ. ಅವನ ಪಾಟಿಚೀಲ ಹೊತ್ತು ಬಾಗಿಲವರೆಗೆ ಹೋಗುವುದಷ್ಟೇ ನನ್ನ ಶಾಲೆಯಾಯಿತು.

ಆ ವರ್ಷ ಜುಹೂ ಚೌಪಾಟಿಯ ಕಡಲತೀರಕ್ಕೆ ಟ್ರಿಪ್. ಮಾಸ್ತರರು ಸುರಕ್ಷತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು: ಒಂದನೇ ಇಯತ್ತೆಯ ಪ್ರತಿ ಮಗುವಿನ ಕೈ ಒಬ್ಬ ದೊಡ್ಡವರ ಕೈಯಲ್ಲಿರಬೇಕು. ದೊಡ್ಡವರೆಲ್ಲ ಕೂಲಿಗೆ ಹೋಗುತ್ತಿದ್ದ ನಮ್ಮ ಗೋರೆಗಾಂವ್ ಚಾಳಿನ ಸಾಲುಮನೆಗಳಲ್ಲಿ ಹನ್ನೊಂದು ವರ್ಷದ ನಾನೇ ದೊಡ್ಡವಳಾದೆ.

"ಕೈ ಬಿಡಬ್ಯಾಡ ನೋಡವಾ," ಎಂದಳು ಅವ್ವ. "ಬಿಟ್ಟಿ ಅಂದ್ರ ನೀನೂ ಮನಿಗಿ ಬರಬ್ಯಾಡ."

ಬಸ್ಸಿನಲ್ಲಿ ಬಿಡಲಿಲ್ಲ. ಬೀಚಿನಲ್ಲೂ ಬಹಳ ಹೊತ್ತು ಬಿಡಲಿಲ್ಲ. ಅಷ್ಟರಲ್ಲಿ ನನ್ನ ಹಳೆಯ ಓರಗೆಯ ಹುಡುಗಿಯರು ಒಂಟಿಕಾಲಲ್ಲಿ ಕುಪ್ಪಳಿಸಿ ಮುಟ್ಟುವ ಲಂಗಡಿ ಆಟ ಹೂಡಿದರು.

"ಏ ಆಯಾಬಾಯಿ, ಆಡಾಕ ಬರ್ತಿಯೋ, ತಮ್ಮನ ಮೂಗು ಒರಸ್ಕೋತ ಕುಂದರತಿಯೋ?" ಎಂದಳು ಒಬ್ಬಳು.

ಪ್ರತಿ ಮಗುವಿಗೂ ಒಬ್ಬರಿದ್ದಾರೆಂಬ ನೆಮ್ಮದಿಯಲ್ಲಿ ಮಾಸ್ತರರು ಕಡಲಿಗೆ ಬೆನ್ನು ಮಾಡಿ ಶೇಂಗಾ ತಿನ್ನುತ್ತಿದ್ದರು. ನಾನು ಹಿಮ್ಮಡಿಯಿಂದ ತಮ್ಮನ ಸುತ್ತ ಗೆರೆ ಎಳೆದೆ. ಒಣ ಮರಳಿನಲ್ಲಿ ಗೆರೆ ಮೂಡುವುದಿಲ್ಲವೆಂದು ಅವನನ್ನು ಒದ್ದೆ ಮರಳಿಗೆ ಕರೆದೊಯ್ದು ಎಳೆಯುವಷ್ಟು ಬುದ್ಧಿ ನನಗಿತ್ತು.

"ನಾ ಬರೂತನಕ ಇದನ್ನ ದಾಟಬ್ಯಾಡ. ದಾಟಿದಿ ಅಂದ್ರ ಅವ್ವಗ ಹೇಳ್ತೀನಿ."

ಒಂದೇ ಆಟ ಎಂದುಕೊಂಡಿದ್ದೆ. ಆದರೆ ಗೆಲ್ಲುತ್ತಿದ್ದೆ, ಬಿಡಲು ಮನಸ್ಸಾಗಲಿಲ್ಲ. ತಿರುಗಿ ನೋಡಿದಾಗ ಭರತಿ ಬಂದು ಕಡಲ ನೀರು ಏರಿತ್ತು. ಬೇರೆ ತುಂಟ ಮಕ್ಕಳೆಲ್ಲ, ನಿಂತಲ್ಲೇ ನಿಲ್ಲಿರೆಂದ ತಮ್ಮ ತಮ್ಮ ದೊಡ್ಡವರ ಮಾತು ಕೇಳದೆ ದಡಕ್ಕೆ ಓಡಿ ಬಂದಿದ್ದರು. ನನ್ನ ತಮ್ಮನೊಬ್ಬನೇ ಶಾಲೆಯಲ್ಲಿ ನಿಲ್ಲುವಂತೆ ಕೈಕಟ್ಟಿ, ಸೊಂಟದವರೆಗಿನ ನೀರಲ್ಲಿ, ಇಲ್ಲದ ಗೆರೆಯೊಳಗೆ ನಿಂತಿದ್ದ. ನಾನು ಚೀರಿ ಓಡುವಷ್ಟರಲ್ಲಿ ಒಂದು ತೆರೆ ಅವನನ್ನು ಕೆಡವಿತು. ಕೈಗೆ ಸಿಕ್ಕ ಅಂಗಿಯ ಕಾಲರು ಹಿಡಿದು ಎಳೆದೆ. ಉಪ್ಪುನೀರು ಕಾರಿದ ಮೇಲೆ ಅವನು ಆಡಿದ ಮೊದಲ ಮಾತು:

"ಗೆರಿ ನಾ ಅಳಸಿಲ್ಲಕ್ಕಾ. ನೀರು ಅಳಸ್ಯಾವ."

ಚೀರಾಟ ಕೇಳಿ ಆಗ ಈ ಕಡೆ ತಿರುಗಿದ ಮಾಸ್ತರರಿಗೆ ಕಂಡದ್ದು, ತಮ್ಮನನ್ನು ಹೊತ್ತು ಕಡಲಿನಿಂದ ಎದ್ದು ಬರುತ್ತಿದ್ದ ನಾನು. "ನೋಡ್ರಿ, ಅಕ್ಕ ಅಂದ್ರ ಹಿಂಗಿರಬೇಕು!" ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಲಂಗಡಿಯ ಹುಡುಗಿಯರೇ ಜೋರಾಗಿ ಹೊಡೆದರು. ಮನೆಯಲ್ಲಿ ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು, ಮೊದಲು ನನಗೆ. ನಾನು ಬಾಯಿ ಬಿಡಲಿಲ್ಲ.

ಮರುವರ್ಷ ಪ್ರಾಣಿಗಳನ್ನು ನೋಡಲು ರಾಣಿಬಾಗಿಗೆ ಟ್ರಿಪ್. ತಮ್ಮನನ್ನು ಉಳಿಸಿದ ಆ ಹುಡುಗಿ ಇಲ್ಲದೆ ಹೊರಡುವುದಿಲ್ಲವೆಂದು ಮಾಸ್ತರರು ಹಟ ಹಿಡಿದರು. ನನ್ನ ಮೇಲಿನ ಭರವಸೆ ಎಷ್ಟಿತ್ತೆಂದರೆ, ಈ ಸಲ ತಮ್ಮನ ಜೊತೆ ಇನ್ನೂ ಮೂವರು ಚಿಕ್ಕವರನ್ನು ಒಪ್ಪಿಸಿದರು. ಆನೆಯ ಮುಂದೆ ನಾಲ್ವರನ್ನೂ ನಿಲ್ಲಿಸಿ, "ಇಲ್ಲೇ ನಿಂದರ್ರಿ," ಎಂದೆ. ತಮ್ಮ ನನ್ನ ಲಂಗ ಜಗ್ಗಿದ. ಬಗ್ಗಿದೆ.

"ಗೆರಿ ಹೊಡೀಬ್ಯಾಡಕ್ಕಾ," ಎಂದ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ.