ಡಂಬೆಲ್ಲೋ, ಕೆಟಲ್‌ಬೆಲ್ಲೋ

ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ನಮ್ಮ ಅತ್ತೆ, ಹಿಡಿಕೆ ಇರುವ ಕಬ್ಬಿಣದ ಗುಂಡಿನಂಥ ಕೆಟಲ್‌ಬೆಲ್ಲನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಬಾಗಿಲತನಕ ಹೋಗಿ ತಿರುಗಿ ಬಂದರು. ಆಮೇಲೆ ಡಂಬೆಲ್ ಜೋಡಿಯನ್ನೂ ಹಾಗೆಯೇ ಹಿಡಿದು ತಿರುಗಾಡಿದರು. ಅಂಗಡಿಯವರು ಕೈಲಿದ್ದ ಚಹಾ ಮರೆತು ನೋಡುತ್ತಿದ್ದರು.

ವ್ಯಾಯಾಮ ಮಾಡಬೇಕಾದವಳು ನಾನು. ಡಂಬೆಲ್ಲಾದರೆ ಎರಡೂ ತೋಳಿಗೆ ಸಮನಾದ ಕೆಲಸ, ಕೆಟಲ್‌ಬೆಲ್ ಬೀಸಿದರೆ ಬೆನ್ನು, ಸೊಂಟ, ಕಾಲು ಎಲ್ಲಕ್ಕೂ ಕಸರತ್ತು ಎಂದು ಅಂಗಡಿಯವರು ಹೇಳಿದ್ದರಿಂದ, ಯಾವುದನ್ನು ಕೊಳ್ಳಲೆಂದು ತಿಳಿಯದೆ ನಿಂತಿದ್ದೆ. ಕಣ್ಣು ತೋರಿಸಲೆಂದು ಬಬಲೇಶ್ವರದಿಂದ ನನ್ನ ಜೊತೆ ವಿಜಯಪುರಕ್ಕೆ ಬಂದಿದ್ದ ಅತ್ತೆಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ.

“ಶೈಲಾ, ಹಿಡಿಕಿ ಇದ್ದದ್ದನ್ನ ತಗೋವಾ. ನೀ ಮಾಡೂದು ಬಿಟ್ಟ ಮ್ಯಾಲ ಅಟ್ಟಕ್ಕ ಏರಿಸಾಕ ನನಗ ಹಗರ ಆಗತೈತಿ,” ಎಂದರು.

ಬೇಡವಾದದ್ದನ್ನೆಲ್ಲ ಅಟ್ಟಕ್ಕೆ ಏರಿಸುವುದು ನಮ್ಮ ಮನೆಯಲ್ಲಿ ಅತ್ತೆಯದೇ ಕೆಲಸ. ನನ್ನ ಯೋಗದ ಚಾಪೆಯೂ ಹೊಟ್ಟೆ ಕರಗಿಸುವ ಬೆಲ್ಟೂ ಆಗಲೇ ಅಲ್ಲಿದ್ದವು. ಅಂಗಡಿಯವರು ಕೆಮ್ಮಿದಂತೆ ಮಾಡಿ ಅತ್ತ ತಿರುಗಿದರು. ನನಗೆ ಹಟ ಬಂತು. ಹಿಡಿಕೆಯದನ್ನು ಅಲ್ಲೇ ಬಿಟ್ಟು, ಡಂಬೆಲ್ ಜೋಡಿಯನ್ನೇ ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ, ಅತ್ತೆಗೆ ಹಿಡಿಯಲು ಕೊಡಲಿಲ್ಲ.

ಆ ಹಟದಿಂದಲೇ ಇಂದಿಗೂ ದಿನಾ ಬೆಳಿಗ್ಗೆ ಎತ್ತುತ್ತಿದ್ದೇನೆ, ತೋಳುಗಳು ಗಟ್ಟಿಯಾಗಿವೆ. ಮೊನ್ನೆ ಹಳೆಯ ಪಾತ್ರೆ ತೆಗೆಯಲೆಂದು ಅಟ್ಟ ಹತ್ತಿದೆ. ಚಾಪೆ, ಬೆಲ್ಟು ಎರಡನ್ನೂ ಮೂಲೆಗೆ ಸರಿಸಿ, ಸರಿಯಾಗಿ ಒಂದು ಜೋಡಿ ಡಂಬೆಲ್ ಹಿಡಿಯುವಷ್ಟು ಜಾಗವನ್ನು ಅತ್ತೆ ಒರೆಸಿ ಇಟ್ಟಿದ್ದಾರೆ.