ಶರಣಮ್ಮ ತಾನೇ ಮುರಿದ ರೊಟ್ಟಿ

ಚಿಕಿತ್ಸೆಗೆಂದು ಕಲಬುರಗಿಗೆ ಬಂದ ಮೊದಲ ವಾರದಲ್ಲೇ, ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ನನ್ನ ಕಣ್ಣೆದುರಿಗೇ ನನ್ನ ಹೆಂಡತಿಯ ಹೆಗಲಿಗೆ ಕೈ ಹಚ್ಚಿ ದೂಡಿದಳು. ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತಿದ್ದ ಶರಣಮ್ಮ ಓಲಾಡಿದಳು. ನಾನು ಹೌಹಾರಿ ಎದ್ದೆ.

"ಕುಂಡ್ರಿ ಮುತ್ಯಾ, ಬೀಳಂಗಿಲ್ಲ. ಆಯಿ ನಡಕ್ಕ ಕಟ್ಟಿದ ಪಟ್ಟಿ ನನ್ನ ಕೈಯಾಗೇ ಅದ. ದೂಡಿದರೇನೇ ಕಾಲು ನೆಲ ಹಿಡಿಯೋದು ಕಲೀತದ," ಅಂದಳು ಮೊಮ್ಮಗಳ ವಯಸ್ಸಿನ ಆ ಹುಡುಗಿ.

ಅವಳು ಸಮೀನಾ, ಫಿಜಿಯೊಥೆರಪಿ ಸಹಾಯಕಿ. ಏನು ಮಾಡಿಸಬೇಕೆಂದು ಡಾಕ್ಟರ್ ಮೇಡಂ ಗೊತ್ತುಮಾಡುತ್ತಾರೆ. ದಿನಾ ಪಕ್ಕದಲ್ಲಿ ನಿಂತು ಮಾಡಿಸುವವಳು, ರೋಗಿಯ ಮುಖ ನೋಡಿಯೇ ಇದು ನೋವೋ ಅಂಜಿಕೆಯೋ ಎಂದು ತಿಳಿದು ಮೇಡಂಗೆ ಹೇಳುವವಳು ಇವಳು.

ನಮ್ಮ ಕಮಲಾಪುರದಲ್ಲಿ ಕಾಯಿಲೆಯವರನ್ನು ಏಳಗೊಡುವುದಿಲ್ಲ. ಬಾಯಿಗೆ ತುತ್ತಿಟ್ಟರೇ ಪ್ರೀತಿ. ಇಲ್ಲಿ ಸ್ಟೇಶನ್ ಬಜಾರದ ಹಿಂದಿನ ನಮ್ಮ ಬಾಡಿಗೆ ಕೋಣೆಗೆ ಬಂದು ಕೂತು ಮಾತಾಡಿಸುವವರೇ ಇಲ್ಲ. ಓಣಿಯವರು "ಖೈರಿಯತ್?" ಎನ್ನುತ್ತಾರೆ. ಕ್ಷೇಮವೇ ಎಂದರ್ಥ. ಉತ್ತರ ಬರುವ ಮೊದಲೇ ಮುಂದೆ ಹೋಗಿರುತ್ತಾರೆ.

ಇಲ್ಲೊಂದು ತಪ್ಪೊಪ್ಪಿಗೆ ಬರೆಯಲೇಬೇಕು. "ಮನ್ಯಾಗ ಆಯಿ ತಾನೇ ಏಳಬೇಕು, ಸೋತ ಕೈಲೇ ರೊಟ್ಟಿ ಮುರೀಬೇಕು" ಎಂದು ಸಮೀನಾ ಹೇಳಿದ್ದಳು. ನಾನು ಎತ್ತಿ ಕೂಡಿಸಿದೆ, ಕೈಯಾರೆ ಉಣಿಸಿದೆ. ಜೀವಮಾನವಿಡೀ ಒಂದು ತಂಬಿಗೆ ನೀರೂ ಎದ್ದು ತೆಗೆದುಕೊಂಡವನಲ್ಲ ನಾನು; ಎಲ್ಲವನ್ನೂ ಅವಳೇ ತಂದುಕೊಟ್ಟಳು. ಈಗಲಾದರೂ ಅವಳ ಸೇವೆ ಮಾಡುತ್ತಿದ್ದೇನೆಂದು ಒಳಗೊಳಗೇ ಹಗುರಾಗುತ್ತಿದ್ದೆ. ಸಮೀನಾ ಕೇಳಿದಾಗಲೆಲ್ಲ "ಎಲ್ಲಾ ತಾನೇ ಮಾಡತಾಳವ್ವಾ" ಎಂದು ಸುಳ್ಳು ಹೇಳಿದೆ. ಶರಣಮ್ಮ ನನ್ನ ಮಾನ ಕಾಯಲು ಸುಮ್ಮನಿದ್ದಳು.

ಕೈ ಸುಧಾರಿಸಲಿಲ್ಲ. ಮೇಡಂ ಪರೀಕ್ಷಿಸಿ, "ಈ ಕೈ ಹಿಂಗೇ ಉಳಿದುಬಿಟ್ಟರ ಆಮ್ಯಾಲ ಕಷ್ಟ. ನೀ ಸರಿಯಾಗಿ ಮಾಡಸಾಕತ್ತೀಯೇನು?" ಎಂದು ಸಮೀನಾಳನ್ನು ಕೇಳಿದರು. ಆ ಹುಡುಗಿ ತಲೆ ತಗ್ಗಿಸಿ ನಿಂತಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಮರುದಿನ ಮೇಡಂ ಎದುರಿಗೇ ಎಲ್ಲವನ್ನೂ ಹೇಳಿಬಿಟ್ಟೆ.

ಸಮೀನಾ ಬೈಯಲಿಲ್ಲ. "ಪಟ್ಟಿ ನಿಮ್ಮ ಕೈಗೆ ಕಟ್ಟಬೇಕಿತ್ತು ಮುತ್ಯಾ. ಇನ್ನಮ್ಯಾಲ ಆಯಿ ಉಣ್ಣೋತನಕ ನಿಮ್ಮ ಕೈ ಮ್ಯಾಲೇ ನೀವು ಕುಂಡ್ರಿ."

ಹಾಗೇ ಕೂತೆ. ಖಡಕ್ ರೊಟ್ಟಿ ಅವಳ ಬೆರಳಿನಿಂದ ಜಾರುತ್ತಿತ್ತು, ಪಲ್ಯ ಸೀರೆಯ ಮೇಲೆ ಬೀಳುತ್ತಿತ್ತು. "ನನ್ನ ಬಾಯಿ ಏನ್ ನೋಡತೀರಿ, ಎದ್ದು ನೀರ್ ತರ್ರಿ" ಎಂದು ಗದರುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಬಲಗೈಯಲ್ಲಿ ರೊಟ್ಟಿ ಲಟ್ಟನೆ ಮುರಿಯಿತು. ಆ ಚೂರನ್ನು ನನ್ನ ಕಡೆ ನೂಕಿ, "ಸಮೀನಾಗ ತೋರಸ್ರಿ" ಎಂದಳು. ಕಾಗದದಲ್ಲಿ ಸುತ್ತಿ, ಬಹುಮಾನ ಗೆದ್ದವನಂತೆ ಎದೆಯುಬ್ಬಿಸಿ ಒಯ್ದೆ. ಸಮೀನಾ ಅದನ್ನು ಅಲ್ಲಿದ್ದ ಒಬ್ಬೊಬ್ಬ ರೋಗಿಗೂ ತೋರಿಸುತ್ತ ಹೋದಳು.

ಮೊನ್ನೆ ಕಮಲಾಪುರಕ್ಕೆ ಹೋದೆವು. ಬಸ್ಸು ನಿಲ್ಲುತ್ತಲೇ ತಮ್ಮನ ಮಕ್ಕಳು ಶರಣಮ್ಮನನ್ನು ಎತ್ತಿಕೊಳ್ಳಲು ಓಡಿಬಂದರು. ನಾನು ಕೈ ಅಡ್ಡ ಹಿಡಿದೆ.

"ಊರು ಬಿಟ್ಟಮ್ಯಾಲ ಅಣ್ಣನ ಎದಿ ಕಲ್ಲಾಗ್ಯಾದ ನೋಡ್ರಿ," ಅಂದ ತಮ್ಮ.

ಶರಣಮ್ಮ ಸರಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ನೆಲದ ಮೇಲೆ ನಿಂತಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು, ಹೆಂಗಿದ್ದಾಕಿ ಹೆಂಗಾದಳು ಎಂದರು. ಶಾಬಾಶ್ ಎಂದವರು ಒಬ್ಬರೂ ಇಲ್ಲ. ಹುಟ್ಟಿದ ಊರಿನಲ್ಲಿ, ನನ್ನವರೆಲ್ಲರ ನಡುವೆ ನಿಂತಿದ್ದರೂ ಆ ಮಾತು ಹೇಳಬಲ್ಲ ಒಂದು ಮುಖಕ್ಕಾಗಿ ಸುತ್ತ ಹುಡುಕಿದೆ. ಅದು ಕಲಬುರಗಿಯಲ್ಲಿತ್ತು.